ಕುಲುಮೆಯ ಗಡಿಯಾರ ನೋಡಿಕೊಂಡು ಹೊರಡಿ: ಸ್ವೀಡನ್ನಿನ ಗಾಜಿನೂರುಗಳಿಗೂ ಕಲಾವಿದರ ಮನೆಗಳಿಗೂ

ಸ್ವೀಡನ್ನಿನ ಹಳ್ಳಿಯೊಂದರ ಗಾಜಿನ ಕಾರ್ಖಾನೆಗೆ ಮೊದಲ ಸಲ ಹೋದಾಗ ಮಧ್ಯಾಹ್ನ ಮೂರೂ ಮುಕ್ಕಾಲು ಆಗಿತ್ತು. ಜೂನ್ ತಿಂಗಳು, ಸೂರ್ಯ ಮುಳುಗಲು ಇನ್ನೂ ಆರು ಗಂಟೆ ಹೊತ್ತಿತ್ತು. ಒಳಗೆ ಕುಲುಮೆ ಕೆಂಪಗೆ ಉರಿಯುತ್ತಿತ್ತು, ಅದರ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಊದುಕೊಳವೆಗಳನ್ನು ಸಾಲಾಗಿ ಒರಗಿಸಿ, ನೆಲ ಗುಡಿಸಿ, ಕೆಲಸಗಾರರು ಮನೆಗೆ ಹೋಗಿಯಾಗಿತ್ತು. ತೆರೆದಿದ್ದದ್ದು ಅಂಗಡಿ ಮಾತ್ರ. ಅಷ್ಟು ದೂರ ಹೋದವನು ಒಂದು ಲೋಟ ಕೊಂಡು ಹಿಂದಿರುಗಿದೆ. ಲೋಟ ಈಗಲೂ ಇದೆ, ಚೆನ್ನಾಗಿಯೂ ಇದೆ, ಆದರೆ ಅಂಥ ಲೋಟ ಊರಲ್ಲೂ ಸಿಗುತ್ತಿತ್ತು.

ಆಮೇಲೆ ಕಾರಣ ತಿಳಿಯಿತು. ಕೈಕೆಲಸದ ಗಾಜಿಗೆ ತನ್ನದೇ ದಿನಚರಿಯಿದೆ. ಮರಳು, ಸೋಡಾ, ಪೊಟ್ಯಾಷ್, ಸುಣ್ಣದ ಕಲ್ಲು ಬೆರೆಸಿದ ಮಿಶ್ರಣವನ್ನು ಊದುವವರು ಹೊರಟ ಮೇಲೆ ಕುಲುಮೆಗೆ ಸುರಿಯುತ್ತಾರೆ. ಅದು ರಾತ್ರಿಯಿಡೀ ಸುಮಾರು 1400 ಡಿಗ್ರಿ ಶಾಖದಲ್ಲಿ ಕರಗುತ್ತದೆ. ಮುಂಜಾನೆಯ ಹೊತ್ತಿಗೆ ಶಾಖವನ್ನು 1150ರ ಆಸುಪಾಸಿಗೆ ಇಳಿಸಿದರೆ ಗಾಜು ಜೇನಿನ ಹದಕ್ಕೆ ಬಂದು ಊದಲು ಸಿದ್ಧವಾಗುತ್ತದೆ. ಹಾಗಾಗಿ ಕೆಲಸ ಬೆಳಗ್ಗೆ ಏಳರ ಹೊತ್ತಿಗೇ ಶುರುವಾಗುತ್ತದೆ, ಮಧ್ಯಾಹ್ನಕ್ಕೆ ಮುಗಿಯುತ್ತದೆ. ಪ್ರವಾಸದ ಯೋಜನೆಯನ್ನು ಈ ಗಡಿಯಾರಕ್ಕೆ ಹೊಂದಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಗಾಜಿನ ಊರುಗಳು ದಕ್ಷಿಣದ ಸ್ಮೋಲಾಂಡ್ ಪ್ರಾಂತದಲ್ಲಿವೆ, ನೋಡಲೇಬೇಕಾದ ಚಿತ್ರಕಾರರ ಎರಡು ಮನೆಗಳು ಉತ್ತರದ ಡಾಲಾರ್ನಾದಲ್ಲಿವೆ. ಒಂದು ವಾರವಿದ್ದರೆ ಎರಡನ್ನೂ ಒಂದೇ ದಾರಿಯಲ್ಲಿ ಪೋಣಿಸಬಹುದು. ನಾಲ್ಕೇ ದಿನವಿದ್ದರೆ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಎರಡನ್ನೂ ಮುಟ್ಟಿ ಓಡುವುದು ಮದುವೆ ಮನೆಗೆ ಹೋಗಿ ಊಟ ಮಾಡದೆ ಬಂದ ಹಾಗೆ.

ಮೊದಲು ತಿಂಗಳು, ಆಮೇಲೆ ಟಿಕೆಟ್

ನನ್ನ ಆಯ್ಕೆ ಮೇ ಕೊನೆಯ ವಾರದಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಆಗಸ್ಟ್ ಎರಡನೆಯ ವಾರದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಜುಲೈ ತಿಂಗಳು ಸ್ವೀಡನ್ನಿನವರ ರಜೆಯ ಕಾಲ. ಊರಿಗೆ ಊರೇ ಹಳ್ಳಿ ಮನೆಗಳಿಗೆ ಹೊರಟುಬಿಡುತ್ತದೆ. ಕೆಲವು ಕುಲುಮೆಗಳಲ್ಲಿ ಪ್ರವಾಸಿಗರಿಗೆಂದೇ ಊದುವವರು ಇರುತ್ತಾರೆ, ಕೆಲವು ಕಡೆ ಅಂಗಡಿ ಮಾತ್ರ ತೆರೆದಿರುತ್ತದೆ. ಜೂನ್ 19ರಿಂದ 25ರ ನಡುವೆ ಬರುವ ಶುಕ್ರವಾರ ನಡುಬೇಸಿಗೆಯ ಹಬ್ಬದ ಮುನ್ನಾದಿನ. ಆ ದಿನ ಬಸ್ಸೂ ವಿರಳ, ಹೋಟೆಲ್ಲೂ ವಿರಳ. ಹಬ್ಬ ನೋಡುವುದೇ ಉದ್ದೇಶವಾದರೆ ಹೂವಿನ ಕಂಬದ ಸುತ್ತ ಕುಣಿಯುವವರನ್ನು ನೋಡಲು ಡಾಲಾರ್ನಾಕ್ಕಿಂತ ಒಳ್ಳೆಯ ಜಾಗವಿಲ್ಲ. ಗಾಜು ನೋಡಲು ಹೋಗುವವರು ಆ ವಾರವನ್ನು ಬಿಟ್ಟುಬಿಡಿ.

ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ನೂಕುನುಗ್ಗಲು ಇರುವುದರಿಂದ ಫೆಬ್ರವರಿ, ಮಾರ್ಚ್‌ನಲ್ಲೇ ಕೆಲಸ ಮುಗಿಸಿ. ವಿಮಾನದ ಟಿಕೆಟ್ ತೆಗೆಯುವಾಗ ಕೋಪನ್‌ಹೇಗನ್‌ನಲ್ಲಿ ಇಳಿದು ಸ್ಟಾಕ್‌ಹೋಮ್‌ನಿಂದ ಮರಳುವಂತೆ ನೋಡಿಕೊಳ್ಳಿ. ಇಳಿಯುವುದು ಡೆನ್ಮಾರ್ಕಿನಲ್ಲಾದರೂ ಸ್ಮೋಲಾಂಡ್‌ಗೆ ಅದೇ ಹತ್ತಿರ. ಕೋಪನ್‌ಹೇಗನ್ ವಿಮಾನ ನಿಲ್ದಾಣದಲ್ಲೇ ಹತ್ತಿದರೆ ಓರೆಸುಂಡ್ ರೈಲು ಸಮುದ್ರದ ಸೇತುವೆ ದಾಟಿ, ಮಾಲ್ಮೊ, ಲುಂಡ್ ಹಾದು ಸುಮಾರು ಎರಡೂವರೆ ಗಂಟೆಯಲ್ಲಿ ವೆಕ್ಷೊ ಊರಿಗೆ ತಲುಪಿಸುತ್ತದೆ. ಅದೇ ರೈಲು ಮುಂದೆ ಎಮ್ಮಾಬೂಡಾ, ನ್ಯೂಬ್ರೂ ಮೂಲಕ ಕಾಲ್ಮಾರ್‌ಗೆ ಹೋಗುತ್ತದೆ. ಈ ಹಳಿಯ ಎರಡೂ ಬದಿಯ ಕಾಡಿನಲ್ಲೇ ಗಾಜಿನ ಊರುಗಳು ಚೆದುರಿಕೊಂಡಿವೆ.

ನೆಲೆ ಎಲ್ಲಿ, ಓಡಾಟ ಹೇಗೆ

ವೆಕ್ಷೊದಲ್ಲಿ ಎರಡು ರಾತ್ರಿ, ಕೋಸ್ಟಾ ಅಥವಾ ನ್ಯೂಬ್ರೂವಿನಲ್ಲಿ ಒಂದು ರಾತ್ರಿ ಸಾಕು. ವೆಕ್ಷೊ ರೈಲು ನಿಲ್ದಾಣದ ಬಳಿಯೇ ಸ್ಮೋಲಾಂಡ್ ವಸ್ತುಸಂಗ್ರಹಾಲಯವಿದೆ, ಸ್ವೀಡನ್ನಿನ ಗಾಜಿನ ಸಂಗ್ರಹಾಲಯವೂ ಅದರೊಳಗೇ ಇದೆ. ಬಂದ ದಿನ ನಿದ್ದೆಗಣ್ಣಿನಲ್ಲಿ ಬೇರೆಲ್ಲೂ ಹೋಗಲಾಗದು, ಅದನ್ನು ನೋಡಿ ಮುಗಿಸಿ. ಯಾವ ಕಾಲದ ಗಾಜು ಹೇಗಿತ್ತು ಎಂಬ ಅಂದಾಜು ಸಿಕ್ಕಿದರೆ ಮರುದಿನ ಕಾರ್ಖಾನೆಯಲ್ಲಿ ಕಣ್ಣು ಚುರುಕಾಗಿರುತ್ತದೆ.

ಹಳ್ಳಿಗಳ ನಡುವೆ ಬಸ್ಸಿವೆ, ಆದರೆ ಅವು ಶಾಲೆಯ ಮಕ್ಕಳ ವೇಳೆಗೆ ಓಡುವಂಥವು. ಶನಿವಾರ, ಭಾನುವಾರ ನೆಚ್ಚಿಕೊಳ್ಳುವ ಹಾಗಿಲ್ಲ. ಇಬ್ಬರಿಗಿಂತ ಹೆಚ್ಚಿದ್ದರೆ ಬಾಡಿಗೆ ಕಾರೇ ವಾಸಿ. ನಮ್ಮ ಚಾಲನಾ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಪರವಾನಗಿಯನ್ನೂ ಆರ್‌ಟಿಒ ಕಚೇರಿಯಿಂದ ಮಾಡಿಸಿಕೊಂಡು ಹೋಗಿ. ಬಾಡಿಗೆಗೆ ಕೊಡುವವರು ಕೇಳುತ್ತಾರೆ. ಅಲ್ಲಿ ಬಲಬದಿಯ ಓಡಾಟ, ಹಗಲಿನಲ್ಲೂ ಹೆಡ್‌ಲೈಟ್ ಹಾಕಿರಬೇಕು. ಮುಸ್ಸಂಜೆಯಲ್ಲಿ ಕಡವೆಗಿಂತ ದೊಡ್ಡದಾದ ಎಲ್ಕ್ ರಸ್ತೆಗೆ ಬರುತ್ತದೆ. ಅದರ ಚಿತ್ರವಿರುವ ಹಳದಿ ಫಲಕವನ್ನು ಮನೆಗೆ ಒಯ್ಯುವ ಆಸೆ ಪ್ರವಾಸಿಗರಿಗೆ ಇರುತ್ತದಂತೆ. ಫಲಕ ಕಂಡಾಗ ಫೋಟೊ ತೆಗೆಯುವುದಕ್ಕಿಂತ ಮೊದಲು ವೇಗ ಇಳಿಸಿ.

ಇನ್ನೊಂದು ಮಾತು: ನಗದು ಹಣ ಹೆಚ್ಚು ಕಡೆ ನಡೆಯುವುದಿಲ್ಲ. ಹಳ್ಳಿಯ ಕಾಫಿ ಅಂಗಡಿಯಲ್ಲೂ ಕಾರ್ಡ್ ಕೇಳುತ್ತಾರೆ.

ಯಾವ ಕುಲುಮೆ?

ಈ ಸೀಮೆಯನ್ನು ಗ್ಲಾಸ್‌ರೀಕೆಟ್, ಅಂದರೆ ಗಾಜಿನ ಸಾಮ್ರಾಜ್ಯ ಎಂದು ಕರೆಯುತ್ತಾರೆ. ಸಾಮ್ರಾಜ್ಯ ಈಗ ತುಂಬ ಸಣ್ಣದಾಗಿದೆ. ಹಳೆಯ ಪ್ರವಾಸ ಪುಸ್ತಕ ನೋಡಿ ಹೊರಟವರು ಮುಚ್ಚಿದ ಬಾಗಿಲುಗಳ ಮುಂದೆ ನಿಲ್ಲುವುದು ಇದರಿಂದಲೇ. ಹೊರಡುವ ವಾರ ಪ್ರತಿಯೊಂದು ಕಾರ್ಖಾನೆಯ ಜಾಲತಾಣದಲ್ಲಿ ಎರಡು ಸಮಯಗಳನ್ನು ಬೇರೆ ಬೇರೆಯಾಗಿ ನೋಡಿ: ಅಂಗಡಿ ತೆರೆದಿರುವ ಸಮಯ, ಗಾಜು ಊದುವ ಸಮಯ. ನಾನು ನೋಡಿದ್ದು ಮೊದಲನೆಯದನ್ನು ಮಾತ್ರ.

ಕೋಸ್ಟಾದಿಂದ ಶುರುಮಾಡಿ. ವೆಕ್ಷೊದಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. 1742ರಲ್ಲಿ ಕೋಸ್ಕುಲ್ ಮತ್ತು ಸ್ಟಾಲ್ ಫಾನ್ ಹೋಲ್ಸ್ಟೈನ್ ಎಂಬ ಇಬ್ಬರು ಸೇನಾಧಿಕಾರಿಗಳು ಇದನ್ನು ಸ್ಥಾಪಿಸಿದರು. ಇಬ್ಬರ ಹೆಸರಿನ ಮೊದಲ ತುಣುಕುಗಳು ಸೇರಿ ಊರಿಗೆ ಕೋಸ್ಟಾ ಎಂಬ ಹೆಸರು ಬಂತು. ಊದುವವರನ್ನು ಬೊಹೆಮಿಯಾದಿಂದ ಕರೆತಂದರು. ಕುಲುಮೆಗೆ ಬೇಕಾದದ್ದು ಸೌದೆ, ಈ ಸೀಮೆಯಲ್ಲಿ ಇದ್ದದ್ದೂ ಅದೇ. ಹೊಲಕ್ಕೆ ಮಣ್ಣಿಲ್ಲದ, ಎಲ್ಲಿ ಅಗೆದರೂ ಕಲ್ಲು ಸಿಗುವ ನೆಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಸಾವಿರಾರು ಜನ ಅಮೆರಿಕಕ್ಕೆ ಹಡಗು ಹತ್ತಿದರು. ಉಳಿದವರಿಗೆ ಕಾಡಿನ ನಡುವೆ ಗಾಜು ಅನ್ನ ಕೊಟ್ಟಿತು.

ಕೋಸ್ಟಾದ ದೊಡ್ಡ ಮಾರಾಟ ಮಳಿಗೆಗಳ ಗದ್ದಲ ನೋಡಿ ಮೊದಲು ನಿರಾಸೆಯಾಗಬಹುದು. ಬಟ್ಟೆ, ಚಪ್ಪಲಿ, ಬಾಣಲೆ ಎಲ್ಲ ಮಾರುತ್ತಾರೆ. ಅದನ್ನು ದಾಟಿ ಕುಲುಮೆಯ ಕಟ್ಟಡಕ್ಕೆ ಹೋಗಿ.

ಒರ್ರೆಫೋರ್ಸ್ ಹೆಸರು ಕೇಳಿದವರು ಹೆಚ್ಚು, ಆದರೆ ಆ ಊರಿನ ಕಾರ್ಖಾನೆ 2013ರಲ್ಲಿ ಮುಚ್ಚಿತು. 1916ರಲ್ಲಿ ಸಿಮೋನ್ ಗಾಟೆ, ಮರುವರ್ಷ ಎಡ್ವರ್ಡ್ ಹಾಲ್ಡ್ ಎಂಬ ಚಿತ್ರಕಾರರನ್ನು ಕೆಲಸಕ್ಕೆ ಇಟ್ಟುಕೊಂಡು, ಊದುವ ಮೇಸ್ತ್ರಿಯನ್ನೂ ಚಿತ್ರಕಾರನನ್ನೂ ಒಂದೇ ಕುಲುಮೆಯ ಮುಂದೆ ನಿಲ್ಲಿಸಿದ ಊರದು. ಆ ಜೋಡಿಯಿಂದಲೇ ಬಣ್ಣದ ಪದರವನ್ನು ಕೆತ್ತಿ, ಮತ್ತೆ ಬಿಸಿಮಾಡಿ, ಮೇಲೆ ತಿಳಿಗಾಜು ಹೊದಿಸುವ ಗ್ರಾಲ್ ಎಂಬ ವಿಧಾನ ಹುಟ್ಟಿತು. ನೊಬೆಲ್ ಔತಣದ ಮೇಜಿನಲ್ಲಿ 1991ರಿಂದ ಬಳಸುವ ಗಾಜಿನ ಲೋಟಗಳೂ ಒರ್ರೆಫೋರ್ಸ್ ಹೆಸರಿನವೇ. ಈಗ ಅಲ್ಲಿಗೆ ಹೋಗುವುದು ಆ ನೆನಪಿಗಾಗಿ ಮಾತ್ರ, ದೊಡ್ಡ ಕಾರ್ಖಾನೆ ನೋಡುವ ಆಸೆ ಬೇಡ.

ಬೂಡಾ ಊರಿನಲ್ಲೂ ಹಳೆಯ ಕಾರ್ಖಾನೆ ನಿಂತಿದೆ. ಆ ಕಟ್ಟಡದಲ್ಲೇ 2011ರಲ್ಲಿ ಗಾಜಿನ ವಸ್ತುಸಂಗ್ರಹಾಲಯ ತೆರೆಯಿತು. ಒಳಗೆ ಊದುವವರೂ ಇರುತ್ತಾರೆ. 1953ರಲ್ಲಿ ಇಲ್ಲಿಗೆ ಬಂದ ಎರಿಕ್ ಹೋಗ್ಲುಂಡ್, ದೋಷವೆಂದು ಎಲ್ಲರೂ ಎಸೆಯುತ್ತಿದ್ದ ಗುಳ್ಳೆಗಳನ್ನು ಬೇಕೆಂದೇ ಗಾಜಿನೊಳಗೆ ತುಂಬಿಸಿದ. ದಪ್ಪ, ಒರಟು, ಮಗುವಿನ ಕೈಯಲ್ಲಿ ಮಾಡಿಸಿದಂತಿರುವ ಅವನ ಹೂಜಿಗಳು ನನಗೆ ಕೆತ್ತನೆಯ ಹರಳುಗಾಜಿಗಿಂತ ಇಷ್ಟ. ಮೋಲೆರೋಸ್ ಕಾರ್ಖಾನೆಯನ್ನು 1980ರ ದಶಕದ ಆರಂಭದಲ್ಲಿ ಕೆಲಸಗಾರರೂ ಊರಿನವರೂ ಸೇರಿ ದೊಡ್ಡ ಕಂಪನಿಯಿಂದ ಕೊಂಡು ಉಳಿಸಿಕೊಂಡರು. ಸಾದಾ ದಿನಬಳಕೆಯ ಲೋಟ ಬೇಕಾದವರಿಗೆ 1897ರಲ್ಲಿ ಶುರುವಾದ ಸ್ಕ್ರೂಫ್ ಇದೆ.

ಇಷ್ಟೆಲ್ಲ ಹೆಸರು ಹೇಳಿದ ಮೇಲೂ ನನ್ನ ಸಲಹೆ ಒಂದೇ. ದಿನಕ್ಕೆ ಎರಡಕ್ಕಿಂತ ಹೆಚ್ಚು ಕಾರ್ಖಾನೆ ಬೇಡ. ಒಂದರಲ್ಲಿ ಒಂದೂವರೆ ಗಂಟೆ ಕುಳಿತುಬಿಡಿ.

ಕುಳಿತು ಏನು ನೋಡುವುದು

ಬಲೂನಿನಂತೆ ಉಬ್ಬುವ ಗಾಜನ್ನೇ ಎಲ್ಲರೂ ನೋಡುತ್ತಾರೆ. ನೀವು ಮೇಸ್ತ್ರಿಯ ಎಡಗೈಯನ್ನು ನೋಡಿ. ಅವನು ಅಗಲ ತೋಳುಗಳಿರುವ ಬೆಂಚಿನ ಮೇಲೆ ಕುಳಿತು ಊದುಕೊಳವೆಯನ್ನು ಎಡಗೈಯಿಂದ ಮುಂದಕ್ಕೂ ಹಿಂದಕ್ಕೂ ಉರುಳಿಸುತ್ತಲೇ ಇರುತ್ತಾನೆ. ಅದು ನಿಂತರೆ ಗಾಜು ತನ್ನ ಭಾರಕ್ಕೇ ಒಂದು ಪಕ್ಕಕ್ಕೆ ಜೋಲುತ್ತದೆ. ಬಲಗೈಯಲ್ಲಿ ಮಡಚಿ ನೆನೆಸಿದ ದಿನಪತ್ರಿಕೆ ಇರುತ್ತದೆ. ನಿನ್ನೆಯ ಸುದ್ದಿಯೇ! ಅದನ್ನು ಅಂಗೈಯಲ್ಲಿಟ್ಟು ಕೆಂಡದಂಥ ಗಾಜನ್ನು ನೇರವಾಗಿ ಹಿಡಿಯುತ್ತಾನೆ. ಚುಸ್ ಎಂದು ಹಬೆ ಏಳುತ್ತದೆ, ಸುಟ್ಟ ಕಾಗದದ ವಾಸನೆ ಬರುತ್ತದೆ, ಅಂಚು ಕಪ್ಪಾದ ಪುಟದಿಂದ ಬೂದಿ ಉದುರುತ್ತದೆ. ಗಾಜಿಗೂ ಕೈಗೂ ನಡುವೆ ಆ ಹಬೆಯ ಪದರವೇ ಕಾವಲು. ಪತ್ರಿಕೆ ಒಣಗುತ್ತಿದ್ದಂತೆ ಪಕ್ಕದ ಬಕೆಟ್ಟಿನಲ್ಲಿ ಅದ್ದಿ ಮತ್ತೆ ಹಿಡಿಯುತ್ತಾನೆ. ಮರದ ಅಚ್ಚುಗಳನ್ನೂ ನೀರಿನಲ್ಲೇ ಮುಳುಗಿಸಿಟ್ಟಿರುವುದು ಇದೇ ಕಾರಣಕ್ಕೆ.

ಆಮೇಲೆ ಅವರ ನಡಿಗೆ ನೋಡಿ. ಒಬ್ಬ ಕುಲುಮೆಯಿಂದ ಗಾಜು ಸುತ್ತಿ ತರುತ್ತಾನೆ, ಒಬ್ಬ ಊದುತ್ತಾನೆ, ಮೇಸ್ತ್ರಿ ರೂಪ ಕೊಡುತ್ತಾನೆ, ಇನ್ನೊಬ್ಬ ಸಿದ್ಧವಾದುದನ್ನು ಆರಿಸುವ ಒಲೆಗೆ ಹೊತ್ತೊಯ್ಯುತ್ತಾನೆ. ಮೀಟರಿನಷ್ಟು ಉದ್ದದ ಬಿಸಿ ಕೊಳವೆಗಳನ್ನು ಹಿಡಿದು ಇಕ್ಕಟ್ಟಿನಲ್ಲಿ ಓಡಾಡಿದರೂ ಯಾರೂ ಯಾರಿಗೂ ತಾಗುವುದಿಲ್ಲ, ಮಾತೂ ಆಡುವುದಿಲ್ಲ. ಮಕ್ಕಳಿದ್ದರೆ ಕಟಕಟೆಯ ಆಚೆ ಬಿಡಬೇಡಿ. ತಣ್ಣಗೆ ಕಾಣುವ ಗಾಜೇ ಹೆಚ್ಚು ಅಪಾಯದ್ದು, ಕೆಂಪು ಆರಿದ ಮೇಲೂ ಅದು ನೂರಾರು ಡಿಗ್ರಿ ಬಿಸಿ ಇರುತ್ತದೆ.

ಕೆಲವು ಕಡೆ ಹಣ ಕೊಟ್ಟರೆ ನೀವೇ ಊದಲು ಬಿಡುತ್ತಾರೆ. ಹಾಗೆ ಮಾಡುವುದಾದರೆ ಮೊದಲ ದಿನವೇ ಮಾಡಿ. ಊದಿದ ಗಾಜನ್ನು ಸುಮಾರು 500 ಡಿಗ್ರಿಯ ಒಲೆಯಲ್ಲಿಟ್ಟು ರಾತ್ರಿಯಿಡೀ ಮೆಲ್ಲಮೆಲ್ಲಗೆ ಆರಿಸಬೇಕು, ಇಲ್ಲವಾದರೆ ಅದು ತಾನಾಗಿ ಬಿರುಕು ಬಿಡುತ್ತದೆ. ಕೈಗೆ ಸಿಗುವುದು ಮರುದಿನವೇ. ಊರು ಬಿಡುವ ದಿನ ಊದಿ, ಹೂದಾನಿಯನ್ನು ಅಲ್ಲೇ ಬಿಟ್ಟು ರೈಲು ಹತ್ತಿದವರನ್ನು ನೋಡಿದ್ದೇನೆ.

ಕುಲುಮೆಯ ಊಟ

ಗಾಜು ಊದುವ ಮನೆಗೆ ಸ್ವೀಡಿಷ್ ಭಾಷೆಯಲ್ಲಿ ಹ್ಯುಟ್ಟಾ ಎನ್ನುತ್ತಾರೆ. ಚಳಿಗಾಲದ ರಾತ್ರಿ ಊರಲ್ಲಿ ಬೆಚ್ಚಗಿರುತ್ತಿದ್ದ ಜಾಗ ಅದೊಂದೇ. ಅಲೆಮಾರಿಗಳು ಮಲಗಲು ಬರುತ್ತಿದ್ದರು, ಊರಿನವರು ಹರಟೆಗೆ ಸೇರುತ್ತಿದ್ದರು, ಹೆರಿಂಗ್ ಮೀನನ್ನೂ ಆಲೂಗಡ್ಡೆಯನ್ನೂ ಆ ಬಿಸಿಯಲ್ಲೇ ಸುಟ್ಟು ತಿನ್ನುತ್ತಿದ್ದರು. ಅದರ ನೆನಪಿಗೆ ಈಗಲೂ ಸಂಜೆ ಹೊತ್ತು ಕುಲುಮೆಯ ಮುಂದೆ ಉದ್ದ ಮೇಜು ಹಾಕಿ ಹ್ಯುಟ್‌ಸಿಲ್ ಎಂಬ ಊಟ ಬಡಿಸುತ್ತಾರೆ. ಮುಂಗಡ ಕಾಯ್ದಿರಿಸಬೇಕು. ಮೀನು, ಹಂದಿಮಾಂಸ, ಸಾಸೇಜ್ ಇದರ ಮುಖ್ಯ ಭಾಗ. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ಹೇಳಿ, ಅಲ್ಲಿ ಹೋಗಿ ಹೇಳಿದರೆ ಬರೀ ಆಲೂಗಡ್ಡೆ ಸಿಕ್ಕೀತು.

ಕೊನೆಗೆ ಬರುವುದು ಊಸ್ಟ್‌ಕಾಕಾ, ಹಾಲನ್ನು ಒಡೆಸಿ, ಮೊಟ್ಟೆ, ಬಾದಾಮಿ ಸೇರಿಸಿ ಬೇಯಿಸಿದ ಸಿಹಿ. ಬಾಯಿಗಿಟ್ಟರೆ ಗಿಣ್ಣಿನ ನೆನಪಾಗುತ್ತದೆ. ನಿಜವಾದ ಗಿಣ್ಣೂ ಅವರಲ್ಲಿದೆ. ಕರು ಹಾಕಿದ ಹಸುವಿನ ಮೊದಲ ಹಾಲಿನಿಂದ ಮಾಡುವ ಅದಕ್ಕೆ ಅವರು ಇಟ್ಟ ಹೆಸರು ಕಾಲ್ವ್‌ಡಾನ್ಸ್, ಕರುವಿನ ಕುಣಿತ. ಎಲ್ಲಾದರೂ ಕಂಡರೆ ಬಿಡಬೇಡಿ. ಊಸ್ಟ್‌ಕಾಕಾದ ಹಾಲನ್ನು ಒಡೆಸಲು ಸಾಂಪ್ರದಾಯಿಕವಾಗಿ ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ ಎಂಬುದು ಕಟ್ಟಾ ಸಸ್ಯಾಹಾರಿಗಳಿಗೆ ತಿಳಿದಿರಲಿ.

ಉತ್ತರಕ್ಕೆ: ಸುಂಡ್‌ಬೋರ್ನ್

ನಾಲ್ಕನೆಯ ದಿನ ರೈಲಿನಲ್ಲೇ ಕಳೆಯುತ್ತದೆ. ಆಲ್ವೆಸ್ಟಾದಲ್ಲಿ ಬದಲಿಸಿ ಸ್ಟಾಕ್‌ಹೋಮ್, ಅಲ್ಲಿಂದ ಮೂರು ಗಂಟೆಯೊಳಗೆ ಫಾಲೂನ್. ಟಿಕೆಟ್ ಮೊದಲೇ ತೆಗೆದರೆ ಬೆಲೆ ಅರ್ಧಕ್ಕೂ ಇಳಿಯುವುದುಂಟು. ಸ್ವೀಡನ್ನಿನ ಹಳ್ಳಿ ಮನೆಗಳ ಕೆಂಪು ಬಣ್ಣ ಹುಟ್ಟಿದ್ದು ಫಾಲೂನ್ ತಾಮ್ರದ ಗಣಿಯ ಕಸದ ಮಣ್ಣಿನಿಂದ. ಗಣಿ 1992ರಲ್ಲಿ ನಿಂತಿತು, 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಳಗೆ ಇಳಿಯುವುದಾದರೆ ಬೇಸಿಗೆಯಲ್ಲೂ ಸ್ವೆಟರ್ ಬೇಕು.

ಅಲ್ಲಿಂದ ಹದಿಮೂರು ಕಿಲೋಮೀಟರ್ ದೂರದ ಸುಂಡ್‌ಬೋರ್ನ್ ಹಳ್ಳಿಯಲ್ಲಿ, ಹೊಳೆಯ ದಡದಲ್ಲಿ ಚಿತ್ರಕಾರ ಕಾರ್ಲ್ ಲಾರ್ಸನ್ ಮತ್ತು ಹೆಂಡತಿ ಕಾರಿನ್ ಅವರ ಮನೆಯಿದೆ. ಹೆಸರು ಲಿಲ್ಲಾ ಹ್ಯುಟ್ನೆಸ್. ಇಲ್ಲೂ ಹ್ಯುಟ್ಟಾ ಬಂತು ನೋಡಿ! ಹಿಂದೆ ಇಲ್ಲಿ ತಾಮ್ರ ಕರಗಿಸುವ ಕುಲುಮೆಯಿತ್ತು, ಮನೆ ನಿಂತಿರುವುದು ಅದರ ಕಿಟ್ಟದ ದಿಣ್ಣೆಯ ಮೇಲೆ.

ಕಾರಿನ್ ಅವರ ತಂದೆ 1888ರಲ್ಲಿ ಈ ಪುಟ್ಟ ಮನೆಯನ್ನು ಮಗಳು ಅಳಿಯನಿಗೆ ಕೊಟ್ಟರು. 1901ರಲ್ಲಿ ಅವರು ಇಲ್ಲೇ ನೆಲೆಸಿದರು. ಕಾರ್ಲ್ ಮನೆಯ ಮೂಲೆಮೂಲೆಯನ್ನೂ ಮಕ್ಕಳನ್ನೂ ಜಲವರ್ಣದಲ್ಲಿ ಬರೆದ. 1899ರಲ್ಲಿ ಆ ಚಿತ್ರಗಳು ಪುಸ್ತಕವಾಗಿ ಬಂದು ಮನೆ ದೇಶಕ್ಕೆಲ್ಲ ಪರಿಚಯವಾಯಿತು. ಬಾಗಿಲ ಮೇಲಿನ ಬರಹ ಹೀಗಿದೆ: ಬಾ, ಪ್ರಿಯರೇ, ಕಾರ್ಲ್ ಲಾರ್ಸನ್ ಮತ್ತು ಅವನ ಹೆಂಡತಿಯ ಮನೆಗೆ ಸ್ವಾಗತ. ಆ ಹೆಂಡತಿಗೆ ಬರಹದಲ್ಲಿ ಹೆಸರೇ ಇಲ್ಲ. ಒಳಗೆ ಹೋದರೆ ಕಣ್ಣಿಗೆ ಬೀಳುವ ಬಹುಪಾಲು ಅವಳದು. ಕಾರಿನ್ ಕಲಾಶಾಲೆಯಲ್ಲಿ ಕಲಿತ ಚಿತ್ರಕಾರ್ತಿ. ಮದುವೆಯಾದ ಮೇಲೆ ಕುಂಚ ಬಿಟ್ಟು, ಎಂಟು ಮಕ್ಕಳ ನಡುವೆ ಮಗ್ಗ, ಸೂಜಿ ಹಿಡಿದಳು. ಕಾರ್ಲ್ ಮಲಗುವ ಕೋಣೆಗೂ ಅವಳ ಕೋಣೆಗೂ ನಡುವಿನ ಬಾಗಿಲಲ್ಲಿ ತೂಗುವ ಪರದೆಯ ಮುಂದೆ ಮಾರ್ಗದರ್ಶಿ ನಿಂತಾಗ ನೀವು ಒಂದು ಹೆಜ್ಜೆ ಮುಂದೆ ಹೋಗಿ ನೋಡಿ. ಪ್ರೀತಿಯ ಗುಲಾಬಿ ಎಂದು ಅದರ ಹೆಸರು. ಗುಲಾಬಿ ಒಂದು ಕಡೆಯಿಂದ ಹೂವಿನಂತೆ, ಇನ್ನೊಂದು ಕಡೆಯಿಂದ ಜ್ಯಾಮಿತಿಯ ಲೆಕ್ಕದಂತೆ ಕಾಣುತ್ತದೆ. ಅವಳು ಬರೆದುಕೊಟ್ಟ ತೂಗುಕುರ್ಚಿ ಎಷ್ಟು ಬೋಳಾಗಿತ್ತೆಂದರೆ, ಅದನ್ನು ಮಾಡಿದ ಬಡಗಿ ನಾಚಿಕೊಂಡು ಕತ್ತಲಾದ ಮೇಲೆ ತಂದುಕೊಟ್ಟನೆಂದು ಹೇಳುತ್ತಾರೆ.

ಈಗ ಮಾಡಬೇಕಾದ್ದು: ಮನೆಯೊಳಗೆ ಮಾರ್ಗದರ್ಶಿಯ ಜೊತೆಗೇ ಹೋಗಬೇಕು, ಸಣ್ಣ ಗುಂಪು, ನಿಗದಿತ ಸಮಯ. ಮೊದಲೇ ಜಾಲತಾಣದಲ್ಲಿ ಟಿಕೆಟ್ ಕೊಂಡು, ಇಂಗ್ಲಿಷ್ ವಿವರಣೆಯ ಗುಂಪು ಎಷ್ಟು ಹೊತ್ತಿಗೆಂದು ನೋಡಿಕೊಳ್ಳಿ. ಕೋಣೆಗಳು ನಮ್ಮ ಹಳೆಯ ಮನೆಗಳ ನಡುಮನೆಗಿಂತ ಚಿಕ್ಕವು, ಬೆನ್ನಿನ ಚೀಲ ಹೊತ್ತು ತಿರುಗಿದರೆ ಯಾವುದಾದರೂ ಬೀಳುತ್ತದೆ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಮನೆ ಇಂದಿಗೂ ವಂಶಸ್ಥರ ಒಡೆತನದಲ್ಲಿದೆ, ಹಾಗಾಗಿ ಬೇರೆಯವರ ಮನೆಗೆ ಬಂದ ಭಾವ ಹೋಗುವುದಿಲ್ಲ. ಬೇಸಿಗೆ ಬಿಟ್ಟು ಬೇರೆ ಕಾಲದಲ್ಲಿ ಗುಂಪುಗಳು ಕಡಿಮೆ.

ಮೂರಾ

ಫಾಲೂನ್‌ನಿಂದ ಬೂರ್ಲೆಂಗೆಯಲ್ಲಿ ರೈಲು ಬದಲಿಸಿ ಸಿಲ್ಯಾನ್ ಸರೋವರದ ಅಂಚಿನಲ್ಲಿ ಮೂರಾಕ್ಕೆ ಬನ್ನಿ. ಎರಡನೆಯ ಮನೆಯ ಚಿತ್ರಕಾರ ಆಂಡರ್ಸ್ ಸೋರ್ನ್ ಲಾರ್ಸನ್‌ನ ಗೆಳೆಯ, ಸ್ವಭಾವದಲ್ಲಿ ತದ್ವಿರುದ್ಧ. ಅಮೆರಿಕದ ಸಿರಿವಂತರ ಭಾವಚಿತ್ರ ಬರೆದು ಶ್ರೀಮಂತನಾಗಿ 1896ರಲ್ಲಿ ಹೆಂಡತಿ ಎಮ್ಮಾ ಜೊತೆ ಹುಟ್ಟೂರಿಗೆ ಮರಳಿದ. ಅಜ್ಜನ ಮರದ ಮನೆಯನ್ನೇ ಇಲ್ಲಿಗೆ ತಂದು, ಅದರ ಸುತ್ತ ದೊಡ್ಡ ಮನೆ ಕಟ್ಟಿಸಿದ. ಮಹಡಿಯ ಹಜಾರದಲ್ಲಿ ಮರದ ಛಾವಣಿ ಎತ್ತರಕ್ಕೆ ಹೋಗಿದೆ, ಎದ್ದು ನಿಂತ ಹಡಗಿನ ಒಡಲಿನ ಹಾಗೆ. ಇದಕ್ಕೂ ಮಾರ್ಗದರ್ಶಿ ಕಡ್ಡಾಯ. ಪಕ್ಕದಲ್ಲಿ 1939ರಲ್ಲಿ ತೆರೆದ ಅವನ ಚಿತ್ರಗಳ ಸಂಗ್ರಹಾಲಯವಿದೆ, ನೀರಿನ ಚಿತ್ರಗಳಿಗಾಗಿಯೇ ಒಂದು ಗಂಟೆ ಇಟ್ಟುಕೊಳ್ಳಿ. ಮಧ್ಯಾಹ್ನ ಸಮಯ ಉಳಿದರೆ ಹತ್ತಿರದ ನ್ಯೂಸ್ನೆಸ್‌ನಲ್ಲಿ ಮರದ ಕೆಂಪು ಕುದುರೆ ಕೆತ್ತಿ ಬಣ್ಣ ಬಳಿಯುವುದನ್ನು ನೋಡಬಹುದು.

ಮೂರಾದಿಂದ ಹೊರಡುವ ಹಲವು ರೈಲುಗಳು ಸ್ಟಾಕ್‌ಹೋಮಿನ ಆರ್ಲಾಂಡಾ ವಿಮಾನ ನಿಲ್ದಾಣದ ಅಡಿಯಲ್ಲೇ ನಿಲ್ಲುತ್ತವೆ.

ಗಾಜನ್ನು ಊರು ಮುಟ್ಟಿಸುವುದು

ಕಾರ್ಖಾನೆಗಳಲ್ಲಿ ಎರಡನೆಯ ದರ್ಜೆಯ ಕಪಾಟು ಬೇರೆ ಇರುತ್ತದೆ. ಒಂದು ಗುಳ್ಳೆ, ಒಂದು ಗೆರೆ, ಅಷ್ಟೇ ದೋಷ. ಬೆಲೆ ಬಹಳ ಕಡಿಮೆ. ಬೆಳಕಿಗೆ ಹಿಡಿದು ನೋಡಿ. ಗುಳ್ಳೆ ಇದ್ದರೆ ಅಡ್ಡಿಯಿಲ್ಲ, ಅಂಚಿನಲ್ಲಿ ಸೀಳಿದ್ದರೆ ಬೇಡ. ಲೋಟದ ಒಳಗೆ ಕಾಲುಚೀಲ ತುರುಕಿ, ಹೊರಗೆ ಸ್ವೆಟರ್ ಸುತ್ತಿ, ಕೈಚೀಲದಲ್ಲೇ ಇಟ್ಟುಕೊಳ್ಳಿ.

ಯುರೋಪಿನ ಒಕ್ಕೂಟದ ಹೊರಗೆ ವಾಸಿಸುವವರಿಗೆ ತೆರಿಗೆಯ ಒಂದು ಭಾಗ ವಾಪಸ್ ಸಿಗುತ್ತದೆ. ಒಂದು ಅಂಗಡಿಯಲ್ಲಿ ಕನಿಷ್ಠ 200 ಕ್ರೋನಾರ್ ವ್ಯಾಪಾರವಾಗಿರಬೇಕು, ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ನಮೂನೆ ಕೇಳಬೇಕು. ಜರ್ಮನಿಯಲ್ಲೋ ಸ್ವೀಡನ್ನಿನಲ್ಲೋ ನೆಲೆಸಿರುವ ಕನ್ನಡಿಗರಿಗೆ ಇದು ಅನ್ವಯಿಸದು. ಗಾಜು ಕೈಚೀಲದಲ್ಲಿದ್ದರೆ ಒಕ್ಕೂಟದಿಂದ ಹೊರಗೆ ಹಾರುವ ಕೊನೆಯ ನಿಲ್ದಾಣದಲ್ಲಿ ಮುದ್ರೆ ಹಾಕಿಸಬೇಕು. ನೀವು ಫ್ರಾಂಕ್‌ಫರ್ಟ್ ಮೂಲಕ ಬೆಂಗಳೂರಿಗೆ ಬರುವುದಾದರೆ ಅದು ಫ್ರಾಂಕ್‌ಫರ್ಟ್‌ನಲ್ಲಿ. ಅಲ್ಲಿನ ಅಧಿಕಾರಿ ವಸ್ತು ತೋರಿಸಿ ಎಂದು ಕೇಳುವುದುಂಟು, ಕಾಲುಚೀಲ, ಸ್ವೆಟರ್ ಎಲ್ಲ ಬಿಚ್ಚಿ ಮತ್ತೆ ಕಟ್ಟಲು ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ.